ಅಲುಗಾಡಬ್ಯಾಡ್ರಿ, ಫೋಟೋ ತೆಗೀತೇವಿ!

ಹೆಡ್‌ಫೋನ್ ಹಾಕ್ಕೊಂಡಿದ್ದೀರಲ್ಲ? ಹಾಗಾದ್ರೆ ಒಂದು ಕೆಲಸ ಮಾಡಿ. ಹದಿನೈದು ಸೆಕೆಂಡ್ ಅಲುಗಾಡದೆ ಕೂತ್ಕೊಳ್ಳಿ. ಕಣ್ಣು, ಕುತ್ತಿಗೆ, ಬೆರಳು, ಯಾವುದೂ ಅಲುಗಬಾರದು.

ಆಗ್ಲಿಲ್ಲ ಅಲ್ವಾ? ಫೋಟೋ ಅನ್ನೋದು ಶುರುವಾಗಿದ್ದೇ ಈ ಕಷ್ಟದಿಂದ.

1839ರಲ್ಲಿ ಪ್ಯಾರಿಸ್ಸಿನ ಡಾಗೇರ್ ತನ್ನ ವಿಧಾನವನ್ನು ಜಗತ್ತಿಗೆ ತೋರಿಸಿದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಅದಕ್ಕೂ ಮುಂಚೆ, 1838ರಲ್ಲಿ, ಆತ ಒಂದು ಬೀದಿಯ ಚಿತ್ರ ತೆಗೆದಿದ್ದ. ಗಾಡಿ, ಜನ ಓಡಾಡೋ ಬೀದಿ. ಚಿತ್ರದಲ್ಲಿ ಮಾತ್ರ ಬಣಬಣ. ಸ್ಪಷ್ಟವಾಗಿ ಉಳಿದಿದ್ದು ಬೂಟು ಪಾಲಿಶ್ ಮಾಡಿಸಿಕೊಳ್ತಾ ನಿಂತಿದ್ದ ಒಬ್ಬ ಮನುಷ್ಯ. ನಿಂತವನು ಉಳಿದ, ನಡೆದವರು ಮಾಯವಾದರು.

ಅದಕ್ಕೇ ಸ್ಟುಡಿಯೋಗಳಲ್ಲಿ ಕುತ್ತಿಗೆ ಹಿಂದೆ ಕಬ್ಬಿಣದ ಆಸರೆ ಇಡ್ತಿದ್ರು. ಮಗು ಅಲುಗದಿರಲಿ ಅಂತ ತಾಯಿಗೆ ಬಟ್ಟೆ ಹೊದಿಸಿ, ಅವಳ ತೊಡೆಮೇಲೆ ಮಗುವನ್ನು ಕೂರಿಸ್ತಿದ್ರು. ಹಳೇ ಫೋಟೋಗಳಲ್ಲಿ ಯಾರೂ ನಗದಿರೋಕೆ ಇದೂ ಒಂದು ಕಾರಣ. 1851ರ ನಂತರ ಬಂದ ಒದ್ದೆ ಗಾಜಿನ ಪ್ಲೇಟು ಈ ಹೊತ್ತನ್ನು ಸೆಕೆಂಡುಗಳಿಗೆ ಇಳಿಸಿತು. 1880ರ ದಶಕದಲ್ಲಿ ಒಣ ಪ್ಲೇಟು ಎಲ್ಲೆಡೆ ಹಬ್ಬಿ, ಕಾಯೋದು ಇನ್ನೂ ಕಮ್ಮಿಯಾಯ್ತು.

ಈಗ ನಮ್ಮೂರಿಗೆ ಬರೋಣ. 1892ರ ಅಕ್ಟೋಬರ್, ಬೆಳಗಾವಿ. 29 ವರ್ಷದ ಸನ್ಯಾಸಿಯೊಬ್ಬರು ಕೊಲ್ಹಾಪುರದಿಂದ ಬಂದು ವಕೀಲ ಭಾಟೆ ಅವರ ಮನೇಲಿ, ಆಮೇಲೆ ಅರಣ್ಯ ಅಧಿಕಾರಿ ಹರಿಪದ ಮಿತ್ರ ಅವರ ಮನೇಲಿ ಉಳೀತಾರೆ. ಅವರೇ ಸ್ವಾಮಿ ವಿವೇಕಾನಂದರು. ಶಿಕಾಗೋ ಭಾಷಣಕ್ಕೆ ಇನ್ನೂ ಹನ್ನೊಂದು ತಿಂಗಳಿತ್ತು. ಹರಿಪದ ಮಿತ್ರರು ‘ನಿಮ್ಮ ಒಂದು ಫೋಟೋ ಬೇಕು’ ಅಂದಾಗ ಸ್ವಾಮೀಜಿ ಒಪ್ಪಲಿಲ್ಲ. ಎರಡು ದಿನ ಬೆನ್ನುಬಿದ್ದ ಮೇಲೆ ಒಪ್ಪಿದರು ಅಂತ ಮಿತ್ರರೇ ನೆನಪಿಸಿಕೊಂಡಿದ್ದಾರೆ. ಹಿಂದೆ ಇನ್ನೊಬ್ಬರು ಕೇಳಿ ಸೋತಿದ್ದರಂತೆ. ಅವರಿಗೂ ಎರಡು ಪ್ರತಿ ಕಳಿಸಬೇಕಾಯ್ತು. ಆಮೇಲೆ ಸ್ವಾಮೀಜಿ ಮರ್ಮಗೋವಾ ಕಡೆ ರೈಲು ಹತ್ತಿದರು, ಖಾನಾಪುರ, ಲೋಂಡಾ ದಾಟಿ ಹೋಗೋ ಹಳಿ ಅದು. ಅವರು ಹೋದರು, ಚಿತ್ರ ಉಳೀತು.

ಸರಿ, ಪ್ಲೇಟು ಚುರುಕಾಯ್ತು. ಹಾಗಿದ್ರೂ ಕೆಲವರು ಬೇಕಂತಲೇ ನಿಧಾನ ಮಾಡಿದರು, ಯಾಕೆ? ಕಲ್ಕತ್ತೆಯಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರನ್ನು ನೋಡಿ. 1860ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಎದುರಿಗೆ ಕೂತವರನ್ನು ನಿಮಿಷಗಟ್ಟಲೆ ಅಲುಗಾಡದಂತೆ ಕೂರಿಸ್ತಿದ್ದರು. ಮುಖ ಸ್ವಲ್ಪ ಮಸುಕಾಗ್ತಿತ್ತು. ‘ಫೋಕಸ್ ಮಾಡೋಕೇ ಬರಲ್ಲ’ ಅಂತ ಅಂದಿನ ಫೋಟೋಗ್ರಾಫರುಗಳು ಟೀಕಿಸಿದರು. ಇವತ್ತು ಅದೇ ಚಿತ್ರಗಳು ದೊಡ್ಡ ಮ್ಯೂಸಿಯಮ್ಮುಗಳಲ್ಲಿವೆ. ಚಿತ್ರ ಬದಲಾಗಲಿಲ್ಲ, ನೋಡೋ ಕಣ್ಣು ಬದಲಾಯ್ತು.

ನಾನೂ ಪರೀಕ್ಷೆ ಮಾಡಿದೆ. ಖಾನಾಪುರದ ಮನೆ, ಸಂಜೆ, ಪಡಸಾಲೆಯಲ್ಲಿ ಒಂದೇ ಬಲ್ಬು. ಫೋನು ಸ್ಟ್ಯಾಂಡಿನ ಮೇಲೆ, ಪ್ರೊ ಮೋಡ್, ಐಎಸ್‌ಒ 50, ಷಟರ್ 15 ಸೆಕೆಂಡ್. ಎದುರಿಗೆ ನಮ್ಮ ಆಯಿ, ಅಂದ್ರೆ ಅಜ್ಜಿ. ‘ಫೋಟೋ ತೆಗೆಸಿದ್ರ ಆಯುಷ್ಯ ಕಮ್ಮಿ ಆಗತೈತಿ’ ಅನ್ನೋ ಮಾತು ಕೇಳಿ ಬೆಳೆದವಳು. ಆದ್ರೂ ನನಗೋಸ್ಕರ ಕೂತಳು.

ಮುಖ ಬಹುಮಟ್ಟಿಗೆ ಚಲೋ ಬಂತು. ಬಲಗೈ ಮಾತ್ರ ಬರಲೇ ಇಲ್ಲ, ಅಲ್ಲಿ ಬರೀ ಹೊಗೆಯಂಥ ಗೆರೆ. ಆಗ ಹೊಳೀತು: ಆಯಿಯ ಕೈ ನಡುಗುತ್ತೆ. ಮನೆಯ ಎಲ್ಲ ಫೋಟೋಗಳಲ್ಲೂ ಅವಳು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟಿದ್ದಾಳೆ. ಇವತ್ತು ನಾನೇ ‘ಕೈ ಹೊರಗ ಇಡು’ ಅಂದಿದ್ದೆ.

ಚಿಕ್ಕಪ್ಪನ ಮಗ ನೋಡಿ, ‘ದೆವ್ವ ಕಂಡಂಗ ಕಾಣಸ್ತೈತಿ, ತಗದಹಾಕ್’ ಅಂದ. ಅವ್ವ ಏನೂ ಅನ್ನಲಿಲ್ಲ, ಎರಡು ಬೆರಳಲ್ಲಿ ಆ ಕೈಯನ್ನೇ ಹಿಗ್ಗಿಸಿ ನೋಡಿದಳು. ನಾನು ಡಿಲೀಟ್ ಮಾಡೋಕೆ ಹೋದೆ. ಆಯಿ ಫೋನು ಇಸ್ಕೊಂಡು ಬಹಳ ಹೊತ್ತು ನೋಡಿ ಅಂದಳು: ‘ಇರ್ಲಿ ಬಿಡು. ಆದ್ರ ಗ್ರೂಪಿನ್ಯಾಗ ಹಾಕಬ್ಯಾಡ.’

ಸೆಕೆಂಡಿನ ನೂರನೇ ಒಂದು ಪಾಲಿನ ಫೋಟೋ ಆ ನಡುಕವನ್ನು ಮುಚ್ಚಿಬಿಡ್ತಿತ್ತು. ಹದಿನೈದು ಸೆಕೆಂಡಿನದು ಮುಚ್ಚಲಿಲ್ಲ. ಹಾಗಂತ ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕಾ? ಹರಿಪದ ಮಿತ್ರರು ಎರಡು ದಿನ ಕೇಳಿದರು, ಕಾದರು. ನಾನು ಕೇಳಿದ್ದು ತೆಗೆದ ಮೇಲೆ.

ಅದಕ್ಕೇ ಈ ಕಂತಿನ ಜೊತೆ ಆ ಫೋಟೋ ಇಲ್ಲ. ಮುಂದಿನ ವಾರ ಸಿಗೋಣ.