ಎರ್ಮಾಳ ಹಾಡು, ಜಾನಿಸ್‌ಳ ಕೂಗು

ಪಾಶ್ಚಾತ್ಯ ರಾಕ್ ಸಂಗೀತವನ್ನು ಅಷ್ಟಿಷ್ಟು ಕೇಳಿದವರಿಗೂ ಜಾನಿಸ್ ಜಾಪ್ಲಿನ್ ಹೆಸರು ಗೊತ್ತು. ಆ ಹೆಸರಿನ ಬೆನ್ನಿಗೇ ನೆನಪಾಗುವ ಹಾಡು ‘ಪೀಸ್ ಆಫ್ ಮೈ ಹಾರ್ಟ್’. ತನ್ನನ್ನು ನೋಯಿಸುತ್ತಲೇ ಇರುವ ಪ್ರಿಯಕರನನ್ನು ಬಿಡಲೂ ಆಗದೆ, ಅವನೆದುರು ಸೋಲಲೂ ಒಲ್ಲದೆ ಹೆಣ್ಣೊಬ್ಬಳು ಎಸೆಯುವ ಸವಾಲೇ ಅದರ ವಸ್ತು. 1968ರಲ್ಲಿ ಜಾನಿಸ್ ಅದನ್ನು ಗಂಟಲು ಹರಿಯುವಂತೆ ಹಾಡಿದಳು. ಹಾಡು ಅವಳದ್ದೇ ಆಗಿಹೋಯಿತು. ಅದಕ್ಕೆ ಒಂದು ವರ್ಷ ಮೊದಲೇ ಬೇರೊಬ್ಬಳು ಅದನ್ನು ಹಾಡಿ ಧ್ವನಿಮುದ್ರಿಸಿದ್ದಳು ಎಂಬುದು ಅನೇಕರಿಗೆ ತಿಳಿಯದು. ಆಕೆ ಎರ್ಮಾ ಫ್ರಾಂಕ್ಲಿನ್; ಜಗದ್ವಿಖ್ಯಾತ ಗಾಯಕಿ ಅರೆಥಾ ಫ್ರಾಂಕ್ಲಿನ್‌ಳ ಸ್ವಂತ ಅಕ್ಕ.

ಹಾಡನ್ನು ಕಟ್ಟಿದವರು ಇಬ್ಬರು, ಜೆರ್ರಿ ರಾಗವೊಯ್ ಮತ್ತು ಬರ್ಟ್ ಬರ್ನ್ಸ್. ಬೀಟಲ್ಸ್ ತಂಡದಿಂದ ಮನೆಮಾತಾದ ‘ಟ್ವಿಸ್ಟ್ ಅಂಡ್ ಶೌಟ್’ ಹಾಡಿನ ಕರ್ತೃಗಳಲ್ಲಿ ಒಬ್ಬನೂ ಈ ಬರ್ನ್ಸೇ. ಬಾಲ್ಯದಲ್ಲಿ ಬಂದ ಸಂಧಿವಾತದ ಜ್ವರ ಅವನ ಹೃದಯವನ್ನು ಕೆಡಿಸಿತ್ತು. ಹೃದಯ ಚೂರಾಗುವ ಮಾತನ್ನು ಹಾಡಾಗಿಸಿದವನ ಹೃದಯವೇ ಕೈಕೊಡುತ್ತಿತ್ತು. 1967ರ ಡಿಸೆಂಬರ್ 30ರಂದು, 38ನೇ ವಯಸ್ಸಿನಲ್ಲಿ ಅವನು ತೀರಿಕೊಂಡ. ಎರ್ಮಾಳ ತಟ್ಟೆ ಅವನದೇ ‘ಶೌಟ್’ ಕಂಪನಿಯಿಂದ ಹೊರಬಂದು ಆಗ ಕೆಲವು ತಿಂಗಳಷ್ಟೇ ಆಗಿತ್ತು. ಜಾನಿಸ್ ಹಾಡಿದ್ದನ್ನು ಅವನು ಕೇಳಲೇ ಇಲ್ಲ.

ಎರ್ಮಾ ಹುಟ್ಟಿದ್ದು 1938ರಲ್ಲಿ, ಮಿಸಿಸಿಪಿ ರಾಜ್ಯದಲ್ಲಿ, ಬೆಳೆದದ್ದು ಡೆಟ್ರಾಯಿಟ್‌ನಲ್ಲಿ. ತಂದೆ ಅಲ್ಲಿನ ನ್ಯೂ ಬೆಥೆಲ್ ಚರ್ಚಿನ ಹೆಸರಾಂತ ಉಪದೇಶಕ. ಆ ಕಪ್ಪು ಜನರ ಚರ್ಚುಗಳಲ್ಲಿ ಒಬ್ಬರು ಒಂದು ಸಾಲು ಎತ್ತಿದರೆ ನೆರೆದವರು ಮಾರುತ್ತರ ಕೊಡುವುದು ವಾಡಿಕೆ. ನಮ್ಮ ಭಜನೆಯ ಮುಮ್ಮೇಳ ಹಿಮ್ಮೇಳ ಇದ್ದಂತೆ. ‘ಸೋಲ್’ ಎಂದು ಕರೆಯಲಾಗುವ ಸಂಗೀತ ಹುಟ್ಟಿದ್ದು ಈ ದೇವರ ಹಾಡಿನ ಧಾಟಿಯನ್ನು ಲೌಕಿಕ ಪ್ರೇಮಕ್ಕೆ ತಿರುಗಿಸಿಕೊಂಡಾಗ. 1967ರಲ್ಲಿ ಅರೆಥಾಳನ್ನು ಕೀರ್ತಿಶಿಖರಕ್ಕೇರಿಸಿದ ‘ರೆಸ್ಪೆಕ್ಟ್’ ಹಾಡಿನ ಹಿಮ್ಮೇಳದಲ್ಲಿ ಇರುವುದು ಎರ್ಮಾ ಮತ್ತು ಇನ್ನೊಬ್ಬ ತಂಗಿ ಕ್ಯಾರೊಲಿನ್‌ರ ದನಿ. ಅದೂ ಮೂಲದಲ್ಲಿ ಅರೆಥಾಳ ಹಾಡಲ್ಲ, 1965ರಲ್ಲಿ ಓಟಿಸ್ ರೆಡಿಂಗ್ ಬರೆದು ಹಾಡಿದ್ದು. ಒಂದೇ ವರ್ಷದಲ್ಲಿ ತಂಗಿ ಇನ್ನೊಬ್ಬರ ಹಾಡನ್ನು ತನ್ನದಾಗಿಸಿಕೊಂಡಳು, ಅಕ್ಕ ಹಾಡಿದ್ದು ಇನ್ನೊಬ್ಬಳದಾಗುವ ಹಾದಿ ಹಿಡಿಯಿತು.

ಎರಡು ಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಹಾಕಿ ಕೇಳಬೇಕು. ಎರ್ಮಾಳದು ಸುಮಾರು ಎರಡೂವರೆ ನಿಮಿಷದ್ದು. ನಡೆ ನಿಧಾನ. ಅವಳು ಸಿಟ್ಟನ್ನು ಒಮ್ಮೆಗೇ ಹೊರಚೆಲ್ಲುವುದಿಲ್ಲ. ತಡೆದು, ಅಳೆದು, ಎಲ್ಲಿ ಬೇಕೋ ಅಲ್ಲಷ್ಟೇ ದನಿಯೇರಿಸುತ್ತಾಳೆ. ನೋವನ್ನು ನುಂಗಿ ಬದುಕಿದ ಹೆಂಗಸೊಬ್ಬಳು ಎದುರಿಗೆ ನಿಂತು ಲೆಕ್ಕ ಕೇಳಿದ ಹಾಗೆ. ‘ಬಿಲ್‌ಬೋರ್ಡ್’ ಪತ್ರಿಕೆಯ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ, ಅಂದರೆ ಕಪ್ಪು ಕೇಳುಗರ ಮಾರುಕಟ್ಟೆಯ ಪಟ್ಟಿಯಲ್ಲಿ, ಅದು 10ನೇ ಸ್ಥಾನಕ್ಕೇರಿತು. ಎಲ್ಲರ ಪಾಪ್ ಪಟ್ಟಿಯಲ್ಲಿ ಮಾತ್ರ 62ರಲ್ಲೇ ನಿಂತಿತು.

ಜಾನಿಸ್ ಟೆಕ್ಸಾಸಿನ ಪೋರ್ಟ್ ಆರ್ಥರ್ ಎಂಬ ತೈಲನಗರಿಯ ಬಿಳಿಯ ಹುಡುಗಿ. ಸ್ಯಾನ್‌ಫ್ರಾನ್ಸಿಸ್ಕೊದ ‘ಬಿಗ್ ಬ್ರದರ್ ಅಂಡ್ ದಿ ಹೋಲ್ಡಿಂಗ್ ಕಂಪನಿ’ ತಂಡದ ಗಾಯಕಿ. ಇವರ ಹಾಡು ನಾಲ್ಕು ನಿಮಿಷ ದಾಟುತ್ತದೆ. ಗಿಟಾರು ಚೀರುತ್ತದೆ, ಹಿಂದಿನಿಂದ ಗಂಡಸರು ದನಿಗೂಡಿಸುತ್ತಾರೆ, ಜಾನಿಸ್ ಪಿಸುಮಾತಿನಿಂದ ಒಮ್ಮೆಲೇ ಆರ್ತನಾದಕ್ಕೆ ಜಿಗಿಯುತ್ತಾಳೆ. ರೇಡಿಯೊದಲ್ಲಿ ಮೊದಲ ಸಲ ಬಂದಾಗ ಇದು ತನ್ನದೇ ಹಾಡೆಂದು ಗುರುತೇ ಹತ್ತಲಿಲ್ಲವೆಂದು ಎರ್ಮಾ ಮುಂದೆ ಹೇಳಿಕೊಂಡಳು. ಈ ಹಾಡಿರುವ ‘ಚೀಪ್ ಥ್ರಿಲ್ಸ್’ ಆಲ್ಬಂ ಎಂಟು ವಾರ ಅಗ್ರಸ್ಥಾನದಲ್ಲಿತ್ತು. ಹಾಡು ಪಾಪ್ ಪಟ್ಟಿಯ 12ನೇ ಸ್ಥಾನ ಮುಟ್ಟಿತು. ಅದರಲ್ಲಿ ಕೇಳಿಬರುವ ಜನಜಂಗುಳಿಯ ಗದ್ದಲ ಹೆಚ್ಚಿನಂಶ ಸ್ಟುಡಿಯೋದಲ್ಲಿ ಸೇರಿಸಿದ್ದು. ಕೂಗಿದ ಜಾನಿಸ್ ಮಾತ್ರ ಅಸಲಿ.

ಮತ್ತೊಬ್ಬರು ಧ್ವನಿಮುದ್ರಿಸಿದ ಹಾಡನ್ನು ಹೀಗೆ ಎತ್ತಿ ಹಾಡುವುದಕ್ಕೆ ಅಲ್ಲಿ ‘ಕವರ್’ ಎನ್ನುತ್ತಾರೆ. ತ್ಯಾಗರಾಜರ ಕೃತಿಯನ್ನು ಸಾವಿರ ವಿದ್ವಾಂಸರು ಹಾಡಿದರೂ ಯಾರದೂ ನಕಲಲ್ಲ ಎಂದು ತಿಳಿಯುವ ನಮಗೆ ಈ ಮಾತು ಕೊಂಚ ವಿಚಿತ್ರ. ಗ್ರಾಮಫೋನ್ ಬಂದ ಮೇಲೆ ಹಾಡಿದ್ದಕ್ಕಿಂತ ಮುದ್ರಿತವಾದದ್ದೇ ಕೃತಿಯಾಯಿತು. ಆಗಲೇ ಮೊದಲನೆಯದು, ಎರಡನೆಯದು ಎಂಬ ಭೇದ ಹುಟ್ಟಿದ್ದು.

ಕಾನೂನಿನ ಕಣ್ಣಿಗೆ ಜಾನಿಸ್ ಮಾಡಿದ್ದರಲ್ಲಿ ತಪ್ಪಿಲ್ಲ. 1909ರ ಅಮೆರಿಕದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಮ್ಮೆ ಮುದ್ರಿತವಾದ ಹಾಡನ್ನು ಯಾರು ಬೇಕಾದರೂ ಮರಳಿ ಮುದ್ರಿಸಬಹುದು, ಗೊತ್ತಾದ ದರ ತೆತ್ತರಾಯಿತು. ಆ ದರ ತಟ್ಟೆಯೊಂದಕ್ಕೆ 2 ಸೆಂಟ್, 1978ರವರೆಗೂ ಅಷ್ಟೇ. ಹಣ ಹೋಗುವುದು ಬರೆದವರಿಗೆ, ಪ್ರಕಾಶಕರಿಗೆ. ಮೊದಲು ಹಾಡಿ ಹಾಡಿಗೆ ಜೀವ ಕೊಟ್ಟವಳಿಗೆ ಎರಡನೆಯವಳ ಗಳಿಕೆಯಲ್ಲಿ ಬಿಡಿಗಾಸೂ ಇಲ್ಲ. ಅಷ್ಟೇ ಅಲ್ಲ, ಅಮೆರಿಕದ ಸಾಮಾನ್ಯ ರೇಡಿಯೊ ಕೇಂದ್ರಗಳು ಹಾಡನ್ನು ಬಿತ್ತರಿಸಿದರೆ ಬರೆದವರಿಗೆ ಸಂಭಾವನೆಯುಂಟು, ಹಾಡಿದವರಿಗೆ ಇಲ್ಲ. ಈ ಪದ್ಧತಿ ಇಂದಿಗೂ ಬದಲಾಗಿಲ್ಲ.

ಹಾಗಿದ್ದರೆ ಇದು ಕಳ್ಳತನವೇ? ಹಾಗೆನ್ನುವವರಿಗೆ ಆಧಾರವಿದೆ. ‘ಹೌಂಡ್ ಡಾಗ್’ ಹಾಡಿ 1953ರಲ್ಲಿ ಕಪ್ಪು ಜನರ ಪಟ್ಟಿಯಲ್ಲಿ ಮೊದಲಿಗಳಾದ ಬಿಗ್ ಮಾಮಾ ಥಾರ್ನ್‌ಟನ್, ಅದರಿಂದ ತನಗೆ ದಕ್ಕಿದ್ದು 500 ಡಾಲರ್ ಮಾತ್ರ ಎನ್ನುತ್ತಿದ್ದಳು. 1956ರಲ್ಲಿ ಅದೇ ಹಾಡಿನಿಂದ ಎಲ್ವಿಸ್ ಪ್ರೀಸ್ಲಿ ಗಳಿಸಿದ ಹೆಸರು ಎಲ್ಲರಿಗೂ ಗೊತ್ತು. ಆದರೆ ಜಾನಿಸ್‌ಳನ್ನು ಇದೇ ಸಾಲಿಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಅವಳು ಎರ್ಮಾಳನ್ನು ಅನುಕರಿಸಲಿಲ್ಲ. ಸಾಲವನ್ನು ಮುಚ್ಚಿಡುವ ಜಾಯಮಾನವೂ ಅವಳದಲ್ಲ. 1937ರಲ್ಲಿ ತೀರಿಕೊಂಡ ಬ್ಲೂಸ್ ಗಾಯಕಿ ಬೆಸಿ ಸ್ಮಿತ್‌ಳ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ; 1970ರಲ್ಲಿ ಅದನ್ನು ನಿಲ್ಲಿಸುವ ಖರ್ಚಿನಲ್ಲಿ ಪಾಲು ಕೊಟ್ಟವಳು ಜಾನಿಸ್. ಅದೇ ವರ್ಷ ಅಕ್ಟೋಬರ್ 4ರಂದು ಮಾದಕದ್ರವ್ಯ ಅವಳನ್ನು ಬಲಿ ತೆಗೆದುಕೊಂಡಿತು. ಆಗ ಅವಳ ವಯಸ್ಸು 27. ಅನ್ಯಾಯ ನಡೆದದ್ದು ಅವಳ ಕಂಠದಲ್ಲಲ್ಲ, ಕೇಳುಗರನ್ನು ಬಣ್ಣದ ಪ್ರಕಾರ ಎರಡು ಪಟ್ಟಿಗಳಾಗಿ ಸೀಳಿದ್ದ ಮಾರುಕಟ್ಟೆಯಲ್ಲಿ.

ಎರ್ಮಾ ಕ್ರಮೇಣ ಗಾಯನದ ವೃತ್ತಿಯಿಂದ ದೂರ ಸರಿದಳು. ಡೆಟ್ರಾಯಿಟ್‌ನಲ್ಲಿ ಅನಾಥ, ನಿರ್ಗತಿಕ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯೊಂದರಲ್ಲಿ ಹಲವು ವರ್ಷ ದುಡಿದಳು. 1992ರಲ್ಲಿ ಬ್ರಿಟನ್ನಿನ ಲೀವೈಸ್ ಜೀನ್ಸ್ ಜಾಹೀರಾತೊಂದು ಹಾಡನ್ನು ಬಳಸಿಕೊಂಡಿತು. ಜಾನಿಸ್‌ಳದಲ್ಲ, ಎರ್ಮಾಳ ಹಾಡನ್ನು. ಮರುಬಿಡುಗಡೆಯಾದ ಆ ತಟ್ಟೆ ಅಲ್ಲಿನ ಪಟ್ಟಿಯಲ್ಲಿ 9ನೇ ಸ್ಥಾನಕ್ಕೇರಿತು. ಆ ವೇಳೆಗೆ ಆಕೆಗೆ ಐವತ್ತು ದಾಟಿತ್ತು. ಅದಾಗಿ ಹತ್ತು ವರ್ಷಕ್ಕೆ, 2002ರ ಸೆಪ್ಟೆಂಬರ್‌ನಲ್ಲಿ, ಆಕೆ ಡೆಟ್ರಾಯಿಟ್‌ನಲ್ಲೇ ಕಣ್ಮುಚ್ಚಿದಳು.