ಅಚ್ಚು

ಬಿಟಿಎಂ ಲೇಔಟಿನ ನಮ್ಮ ಅಡುಗೆಮನೆಯಲ್ಲಿ ಸಂಕ್ರಾಂತಿ ಬಂತೆಂದು ತಿಳಿಯುವುದು ಮರದ ಅಚ್ಚುಗಳು ನೀರಿನಲ್ಲಿ ನೆನೆಯತೊಡಗಿದಾಗ. ಎರಡು ಹೋಳು ಜೋಡಿಸಿ ದಾರ ಬಿಗಿಯುವುದು ಮಕ್ಕಳ ಕೆಲಸ. ಕುದಿಯುವ ಸಕ್ಕರೆ ಪಾಕ ಹುಯ್ಯುವುದು ಮಾತ್ರ ದೊಡ್ಡವರದು. ಆರಿದ ಮೇಲೆ ದಾರ ಬಿಚ್ಚಿದರೆ ಒಳಗೊಂದು ಬಿಳಿ ಗಿಳಿ, ಕೊಕ್ಕೂ ಮುರಿಯದೆ!

ಅಚ್ಚು ಎಂದರೆ ರೂಪ ಕೊಡುವ ಪಡಿಯಚ್ಚು. ಅದರಿಂದ ಹೊರಬಂದ ಗಿಳಿಯೂ 'ಸಕ್ಕರೆ ಅಚ್ಚು'. ಮಾಡುವ ಸಾಧನಕ್ಕೂ ಮಾಡಿದ ವಸ್ತುವಿಗೂ ಒಂದೇ ಹೆಸರು. ನನಗೆ ಈ ಪದ ಇಷ್ಟವಾಗುವುದೇ ಇದಕ್ಕೆ. ಇದು ದ್ರಾವಿಡ ಮೂಲದ ಪದ, ತಮಿಳು, ತೆಲುಗು, ಮಲಯಾಳಂನಲ್ಲೂ ಇದೆ. ಅಚ್ಚುಬೆಲ್ಲ, ಅಚ್ಚುಮೊಳೆ, ಅಚ್ಚುಕೂಟ ಎಲ್ಲ ಇದರ ಬಳಗ. ಗಾಡಿಯ ಅಚ್ಚು ಮಾತ್ರ ಬೇರೆ. ಅದು ಸಂಸ್ಕೃತದ 'ಅಕ್ಷ'ದಿಂದ ಬಂದದ್ದು.

ಈಸ್ಟರ್‌ಗೆ ಮಾಡುವ ಟೊಳ್ಳು ಚಾಕೊಲೇಟ್ ಮೊಟ್ಟೆಯೂ ಅಚ್ಚಿನದೇ. ಎರಡು ಹೋಳುಗಳಲ್ಲಿ ಕರಗಿದ ಚಾಕೊಲೇಟ್ ಸವರಿ, ಗಟ್ಟಿಯಾದ ಮೇಲೆ ಅಂಚು ಕೂಡಿಸುತ್ತಾರೆ. ಹಾಗಾಗಿ ಮಕ್ಕಳಿಗೆ 'ಮೋಲ್ಡ್' ಕೊಡು ಎನ್ನಬೇಡಿ, ಅಚ್ಚು ಕೊಡು ಎನ್ನಿ. ಪದವೂ ಅವರ ಕೈಗೆ ಹತ್ತಲಿ.