ಲೆಕ್ಕಕ್ಕಿಲ್ಲದ ಮರ

1993ರಲ್ಲಿ ಬ್ಯಾಂಕು ನನ್ನನ್ನು ಶಿಮ್ಲಾಕ್ಕೆ ವರ್ಗ ಮಾಡಿದಾಗ ದೇವದಾರು ಒಂದು ಬಿಟ್ಟರೆ ಅಲ್ಲಿನ ಯಾವ ಮರವೂ ನನಗೆ ಗೊತ್ತಿರಲಿಲ್ಲ. ನಾರ್ಕಂಡದ ಮೇಲಿನ ಹಾಟು ಕಾಡಿನಲ್ಲಿ, ದೊಡ್ಡ ಮರಗಳ ನೆರಳಲ್ಲಿ ಗಿಡ್ಡಗೆ ನಿಂತಿದ್ದ ಒಂದನ್ನು ಊರವರು 'ರಖಾಲ್' ಅಂದರು. ಇಂಗ್ಲಿಷಿನವರ ಯೂ ಮರದ ಜಾತಿ. ಕೆಂಪು ತೊಗಟೆ, ವರ್ಷವಿಡೀ ಹಸಿರು. ಪೈನ್ ಮರದ ನೆಂಟನಾದರೂ ಬೀಜದ ಸುತ್ತ ಕೆಂಪು ತಿರುಳಿನ ಬಟ್ಟಲು. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಕೆಮ್ಮಿಗೆಂದು ಸಿಗುವ ತಾಳೀಸಪತ್ರದ ಹೆಸರಿನಲ್ಲಿ ಉತ್ತರದ ಕೆಲವು ಪೇಟೆಗಳಲ್ಲಿ ಇದರ ಎಲೆಯನ್ನೂ ಮಾರುವುದುಂಟು. ಎಲೆ ವಿಷ, ಹುಷಾರು!

1860ರ ದಶಕದಿಂದ ಬ್ರಿಟಿಷರು ರೈಲು ಹಳಿಯ ದಿಮ್ಮಿಗಾಗಿ ಬುಶಹರ್ ಸಂಸ್ಥಾನದ ದೇವದಾರು ಕಡಿಸಿ ಸಟ್ಲೆಜ್ ನದಿಯಲ್ಲಿ ತೇಲಿಬಿಟ್ಟರು. ಲೆಕ್ಕ ಇಟ್ಟದ್ದು ದೇವದಾರಿಗೆ. ರಖಾಲ್ ಯಾರ ಲೆಡ್ಜರಿಗೂ ಬರಲಿಲ್ಲ. ಆದರೆ ಮೇಲಿನ ಮರ ಬಿದ್ದರೆ ಅದರ ನೆರಳನ್ನೇ ನಂಬಿದ ಮರದ ಗತಿ ಏನು?

ಅಮೆರಿಕದಲ್ಲೂ ಇದೇ ಕಥೆ. ಅಲ್ಲಿನ ಪಶ್ಚಿಮ ಕರಾವಳಿಯಲ್ಲಿ ಕಾಡು ಸವರುವಾಗ ಯೂ ಮರವನ್ನು ಕಸದ ಜೊತೆ ಸುಡುತ್ತಿದ್ದರು. 1962ರಲ್ಲಿ ಆರ್ಥರ್ ಬಾರ್ಕ್ಲೆ ಎಂಬ ಸಸ್ಯಶಾಸ್ತ್ರಜ್ಞ ಅದರ ತೊಗಟೆಯನ್ನು ಕ್ಯಾನ್ಸರ್ ಸಂಶೋಧನೆಗೆ ಕಳಿಸಿದ. 1971ರಲ್ಲಿ ಮನ್ರೋ ವಾಲ್, ಮನಸುಖ್ ವಾನಿ ಮತ್ತು ಸಂಗಡಿಗರು ಟ್ಯಾಕ್ಸಾಲ್‌ನ ರಚನೆ ಪ್ರಕಟಿಸಿದರು. ವಾನಿ ಹುಟ್ಟಿದ್ದು ಮಹಾರಾಷ್ಟ್ರದ ನಂದುರಬಾರಿನಲ್ಲಿ. ಊರು ಬಿಟ್ಟವರ ಪೈಕಿ ಅವರೂ ಒಬ್ಬರು. 1992ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಔಷಧಿಗೆ ಒಪ್ಪಿಗೆ ಕೊಟ್ಟಿತು.

ಅಲ್ಲಿಗೆ ರಖಾಲ್ ಕೂಡ ಲೆಕ್ಕಕ್ಕೆ ಬಂತು ನೋಡಿ. ಒಂದು ಕಿಲೋ ಔಷಧಿಗೆ ಸುಮಾರು 10 ಟನ್ ಒಣ ತೊಗಟೆ, ಅಂದರೆ 3,000ದಷ್ಟು ಮರ. ಮಲೆನಾಡಿನ ಅಡಿಕೆ ಲೆಕ್ಕ ನೋಡಿ ಬೆಳೆದ ನನಗೂ ಈ ಅಂಕಿ ಜೀರ್ಣವಾಗಲಿಲ್ಲ. ಹಿಮಾಲಯದ ತೊಗಟೆ, ಎಲೆಗಳಿಗೂ ಬೇಡಿಕೆ ಏರಿತು. ಬೆಟ್ಟದವರು ತಲೆತಲಾಂತರದಿಂದ ಚಹಾದ ಹಾಗೆ ಕುದಿಸಿ ಕುಡಿಯಲು ತೊಗಟೆ ತೆಗೆಯುತ್ತಿದ್ದರು. ಅದಕ್ಕೆ ಬೇಕಾದದ್ದು ಒಂದು ಚೂರು. ವ್ಯಾಪಾರಕ್ಕೆ ಸುತ್ತಲೂ ಸುಲಿಯಬೇಕು. ಸುತ್ತ ಸುಲಿದ ಮರ ಉಳಿಯುವುದಿಲ್ಲ. 1995ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ ಒಪ್ಪಂದದ ಹತೋಟಿಗೆ ಬಂತು. ಅಳಿವಿನಂಚಿನ ಪಟ್ಟಿಯಿಂದ ಮಾತ್ರ ಮರ ಇನ್ನೂ ಹೊರಬಂದಿಲ್ಲ.

ಹಾಗಂತ ಔಷಧಿಯನ್ನು ಬೈಯಲು ನನಗೆ ಬಾಯಿಲ್ಲ. 2008ರಲ್ಲಿ ದೆಹಲಿಯ ನಮ್ಮ ಮನೆಯಲ್ಲಿದ್ದುಕೊಂಡೇ ಅಕ್ಕ ಚಿಕಿತ್ಸೆ ಪಡೆದಳು. ಚೀಟಿಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಅಂತಿತ್ತು, ಟ್ಯಾಕ್ಸಾಲ್‌ನ ಇನ್ನೊಂದು ಹೆಸರು. "ನಿಮ್ಮ ಶಿಮ್ಲಾದ ಮರದ್ದೇನೋ ಇದು?" ಅಂತ ಕೇಳಿದಳು. ಆ ಹೊತ್ತಿಗೆ ಎಲೆಯ ಸಾರದಿಂದ, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ಔಷಧಿ ತಯಾರಾಗುತ್ತಿತ್ತು, ಮರ ಕೊಲ್ಲಬೇಕಾಗಿರಲಿಲ್ಲ. ಹಾಗೆಂದು ಹೇಳಿದೆ. ಅಕ್ಕ ಈಗಲೂ ಶಿವಮೊಗ್ಗದಲ್ಲಿ ತನ್ನ ಅಡುಗೆ ತಾನೇ ಮಾಡಿಕೊಂಡಿದ್ದಾಳೆ.

ಕಾಡಿನಲ್ಲಿ ಉಳಿದ ರಖಾಲ್‌ಗಳ ಕಷ್ಟ ಬೇರೆ. ಇದರಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ನಡುವಿನ ಮರಗಳು ಹೋಗಿ ಅವು ದೂರ ದೂರವಾದರೆ ಬೀಜ ಕಟ್ಟುವುದೇ ಕಷ್ಟ. ಬೆಳವಣಿಗೆಯೋ ಬಲು ನಿಧಾನ. ಶಿಮ್ಲಾದ ಹಿಮಾಲಯನ್ ಅರಣ್ಯ ಸಂಶೋಧನಾ ಸಂಸ್ಥೆಯವರು ಇದರ ಕಡ್ಡಿ ನೆಟ್ಟು, ಬೇರು ಬರಿಸಿ ಸಸಿ ಮಾಡುವ ಕೆಲಸ ಮಾಡಿದ್ದಾರೆ. ಅಂಥ ಸಸಿ ನೆಟ್ಟವರು ಅದು ಮರವಾಗುವುದನ್ನು ನೋಡಲಾರರು.